ಕಟ್ಟಬಾರದ ಬಳ್ಳಿ

ಕುಂದಾಪುರದ ಕಡೆ ನಾವು ಹಗ್ಗಕ್ಕೆ ಬಳ್ಳಿ ಎನ್ನುತ್ತೇವೆ. ಬಾವಿಯಿಂದ ನೀರು ಸೇದುವುದು ಬಳ್ಳಿಯಲ್ಲಿ, ದನ ಕಟ್ಟುವುದು ಬಳ್ಳಿಯಲ್ಲಿ, ಬಟ್ಟೆ ಒಣಹಾಕುವುದೂ ಬಳ್ಳಿಯ ಮೇಲೆ. ಚಪ್ಪರಕ್ಕೆ ಹಬ್ಬಿದ ಮಲ್ಲಿಗೆಗೂ, ತೆಂಗಿನ ನಾರಿನಿಂದ ಹೊಸೆದದ್ದಕ್ಕೂ ಒಂದೇ ಹೆಸರು. ಅದಕ್ಕೇ ಇರಬೇಕು, ಹಗ್ಗ ಎಂದರೆ ಜೀವವಿಲ್ಲದ ವಸ್ತು ಎಂದು ಬಾಲ್ಯದಲ್ಲಿ ನನಗೆ ಅನ್ನಿಸಿದ್ದೇ ಇಲ್ಲ. ಆದರೆ ಬಳ್ಳಿಗೆ ನಿಜವಾಗಿ ಜೀವವಿರುತ್ತದೆ, ಅದು ಅಂಗೈಯೊಳಗೆ ಮಿಡಿಯುತ್ತದೆ ಎಂದು ಗೊತ್ತಾದದ್ದು ಎಂಟನೆಯ ವಯಸ್ಸಿನಲ್ಲಿ, ಗಂಗೊಳ್ಳಿಯ ಅಳಿವೆಯ ಒಳಗೆ, ತೆಂಗಿನಕಾಯಿ ತುಂಬಿದ್ದ ಒಂದು ಸಣ್ಣ ಹಾಯಿದೋಣಿಯಲ್ಲಿ.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಒಂದಾಗಿ ಕಡಲು ಸೇರುವ ಜಾಗ ಅದು. ಬಡಗಿಗೆ ಗಂಗೊಳ್ಳಿ, ತೆಂಕಿಗೆ ಕೋಡಿ, ನಡುವೆ ಕೆರೆಯಂತೆ ಹರಡಿ ನಿಂತ ನೀರು. ಭರತದ ಹೊತ್ತಿಗೆ ಹೊಳೆಯ ನಡುವಿನ ಕುದುರುಗಳ ಅಂಚಿನ ಕಾಂಡ್ಲ ಗಿಡಗಳು ಸೊಂಟದವರೆಗೆ ಮುಳುಗಿರುತ್ತಿದ್ದವು. ದೋಣಿಯ ಅಜ್ಜ ನಮ್ಮ ತೋಟದ ಕಾಯಿ ಒಯ್ಯಲು ಬರುತ್ತಿದ್ದರು. ನೆಂಟರಲ್ಲ, ಆದರೂ ಮನೆಯವರೆಲ್ಲರ ಹಾಗೆ ನಾನೂ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ಮಾಣಿ ಎನ್ನುತ್ತಿದ್ದರು. ಒಂದು ದಿನ ಮಧ್ಯಾಹ್ನ ಅಮ್ಮನ ಒಪ್ಪಿಗೆ ಪಡೆದು ಅವರ ಜೊತೆ ದೋಣಿ ಹತ್ತಿದೆ. ದಡ ಬಿಟ್ಟ ಮೇಲೆ ಅವರು ಹಾಯಿ ಏರಿಸಿ, ಅದರ ಕೆಳಮೂಲೆಯಿಂದ ಬಂದ ಬಳ್ಳಿಯನ್ನು ನನ್ನ ಕೈಗೆ ಕೊಟ್ಟು, ಚುಕ್ಕಾಣಿಯ ಹುಟ್ಟಿನ ಕಡೆಗೆ ಹೋದರು. ಬಳ್ಳಿ ಎಳೆಯುತ್ತಿತ್ತು. ಕರು ಕಟ್ಟಿದ ಕಣ್ಣಿಯನ್ನು ಹಿಡಿದಾಗ ಆಚೆ ತುದಿಯಲ್ಲಿ ಒಂದು ಪ್ರಾಣಿ ಇರುವುದು ಕೈಗೆ ಗೊತ್ತಾಗುತ್ತದಲ್ಲ, ಹಾಗೆ. ನಾನು ಮಾಡಿದ್ದು ಯಾವ ಮಗುವಾದರೂ ಮಾಡುವುದನ್ನೇ: ಬಳ್ಳಿಯನ್ನು ಅಡ್ಡಹಲಗೆಗೆ ಸುತ್ತಿ ಗಂಟು ಹಾಕಲು ಹೋದೆ.

"ಕಟ್ಟುಕಾಗ ಮಾಣಿ, ಹಿಡ್ಕಣ್ಕ್" ಎಂದರು ಅಜ್ಜ. ಕಟ್ಟಬಾರದು, ಹಿಡಿದುಕೊಳ್ಳಬೇಕು. ದನಿ ಏರಿಸಿರಲಿಲ್ಲ. ಆದರೆ ಹುಟ್ಟು ಬಿಟ್ಟು ಎದ್ದು ಬಂದು ನನ್ನ ಅರೆಗಂಟನ್ನು ತಾವೇ ಬಿಚ್ಚಿ, ಬಳ್ಳಿಯನ್ನು ಹಲಗೆಗೆ ಒಂದೇ ಒಂದು ಸುತ್ತು ಬಳಸಿ ತುದಿಯನ್ನು ನನ್ನ ಮುಷ್ಟಿಯೊಳಗೆ ಇಟ್ಟರು. ಆ ಒಂದು ಸುತ್ತಿನಿಂದ ಎಳೆತ ಅರ್ಧಕ್ಕಿಂತ ಕಡಿಮೆಯಾಯಿತು. ಬಿಡಬೇಕೆಂದಾಗ ಬೆರಳು ಸಡಿಲಿಸಿದರೆ ಸಾಕು, ಸರ್ರನೆ ಹೋಗುತ್ತಿತ್ತು.

ಆಮೇಲೆ ಅವರು ಹೇಳಿಕೊಟ್ಟ ಇನ್ನೊಂದು ಮಾತಿದೆ. ಹಾಯಿ ಪಟಪಟ ಎನ್ನುತ್ತಿದ್ದರೆ ಅದು ದುಡಿಯುತ್ತಿಲ್ಲ. ಬಳ್ಳಿಯನ್ನು ಸ್ವಲ್ಪ ಒಳಗೆಳೆಯಬೇಕು. ಸುಮ್ಮನಾಯಿತೋ, ದುಡಿಯತೊಡಗಿತು. ಸುಮ್ಮನಾದ ಮೇಲೂ ಎಳೆಯುತ್ತಲೇ ಹೋದರೆ ದೋಣಿ ಓರೆಯಾಗುತ್ತದೆ, ಓಟ ಸಾಯುತ್ತದೆ. ಹಾಗಾಗಿ ಸರಿಯಾದ ಜಾಗ ಇರುವುದು ಸದ್ದು ಇದೀಗ ನಿಂತ ಅಂಚಿನಲ್ಲಿ. ಐವತ್ತು ವರ್ಷಗಳ ನಂತರ ಪುಸ್ತಕಗಳಲ್ಲಿ ಓದಿದಾಗಲೂ ಹಾಯಿಯ ಮೊದಲ ಪಾಠ ಇದೇ ಆಗಿತ್ತು.

ಆ ದೋಣಿಯ ಕಟ್ಟುಪಾಡನ್ನು ಈಗ ಕಣ್ಣು ಮುಚ್ಚಿದರೂ ಕಾಣಬಲ್ಲೆ. ಕೂವೆಮರ ನೆಟ್ಟಗಿರಲಿಲ್ಲ, ಮುಂದಕ್ಕೆ ವಾಲಿತ್ತು. ಅದು ಬಾಗಿ ಹೋದದ್ದಲ್ಲ, ಬೇಕೆಂದೇ ಹಾಗೆ ನಿಲ್ಲಿಸಿದ್ದು. ಆ ಮರಕ್ಕಿಂತಲೂ ಉದ್ದವಾದ ಇನ್ನೊಂದು ಗಳು ಓರೆಯಾಗಿ ಅದಕ್ಕೆ ನೇತುಬೀಳುತ್ತಿತ್ತು. ಮುಂತುದಿ ದೋಣಿಯ ಮೂತಿಯ ಬಳಿ, ಹಿಂತುದಿ ಆಕಾಶದಲ್ಲಿ. ಹಾಯಿಯ ಮೇಲಂಚನ್ನು ಆ ಗಳುವಿಗೇ ಬಿಗಿದಿರುತ್ತಿದ್ದರು. ದೂರದಿಂದ ನೋಡಿದರೆ ಮುಕ್ಕೋನ. ಹತ್ತಿರ ಬಂದರೆ ಮುಂದಿನ ಮೂಲೆಯನ್ನು ಒಂದು ಮೊಳ ಕತ್ತರಿಸಿದಂತೆ ನಾಲ್ಕನೆಯ ಪುಟ್ಟ ಅಂಚೊಂದು ಕಾಣುತ್ತಿತ್ತು. ಅರಬ್ಬೀ ಕಡಲಿನ ಧೋಗಳಿಂದ ಹಿಡಿದು ನಮ್ಮ ಕರಾವಳಿಯಿಂದ ಮುಂಬಯಿಗೆ ಸರಕು ಹೊತ್ತ ಪತ್ತೇಮಾರಿಗಳವರೆಗೆ ಎಲ್ಲವೂ ಇದೇ ಕುಲ. ಕೂವೆ ಮುಂದಕ್ಕೆ ವಾಲಿರುವುದರಿಂದ ಗಳುವಿಗೆ ಮರದ ಮುಂದೆ ತೂಗಾಡಲು ಜಾಗ ಸಿಗುತ್ತದೆ. ದಿಕ್ಕು ಬದಲಿಸುವಾಗ ಗಳುವನ್ನು ನೆಟ್ಟಗೆ ನಿಲ್ಲಿಸಿ ಮರದ ಮುಂದಿನಿಂದಲೇ ಆಚೆ ಬದಿಗೆ ದಾಟಿಸಬಹುದು. ದೊಡ್ಡ ಹಡಗಿನಲ್ಲಿ ಅದು ಹತ್ತಾರು ಖಲಾಸಿಗಳ ಕೆಲಸ. ಅಜ್ಜ ಒಬ್ಬರೇ ಹಾಯಿ ಅರ್ಧ ಇಳಿಸಿ, ಗಳುವಿನ ಬುಡವನ್ನು ಕಾಲಿನಿಂದ ಒತ್ತಿ ಹಿಡಿದು, ಇನ್ನೊಂದು ಬದಿಗೆ ತಂದು ಮತ್ತೆ ಏರಿಸುತ್ತಿದ್ದರು. ನಾನು ಎರಡು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತಿತ್ತು.

ಬಳ್ಳಿಗಳು ನಾಲ್ಕೇ. ಒಂದು ಗಳುವನ್ನು ಮೇಲೆತ್ತಲು. ಅದು ಕೂವೆಯ ತಲೆಯ ರಾಟೆಯ ಮೇಲೆ ಹಾದು ಬರುತ್ತಿತ್ತು, ಥೇಟು ನಮ್ಮ ಬಾವಿಯ ಹಾಗೆ. ಒಂದು ಗಳುವಿನ ಮುಂತುದಿಯನ್ನು ಕೆಳಗೆ ಹಿಡಿಯಲು. ಒಂದು ಗಾಳಿ ಬೀಸುವ ಬದಿಯಿಂದ ಕೂವೆಮರಕ್ಕೆ ಒತ್ತಾಸೆಯಾಗಿ ಬಿಗಿಯಲು. ಈ ಮೂರನ್ನೂ ಕಟ್ಟಬಹುದು, ಕಟ್ಟಲೇಬೇಕು. ನಾಲ್ಕನೆಯದು ಹಾಯಿಯ ಹಿಂದಿನ ಕೆಳಮೂಲೆಯದು, ನನ್ನ ಕೈಗೆ ಬಂದದ್ದು. ಅದೊಂದನ್ನು ಮಾತ್ರ ಎಂದೂ ಕಟ್ಟುವಂತಿಲ್ಲ.

ಹಾಯಿ ಎಂಬ ಮಾತೇ ಚೆಂದ. ತಮಿಳಿನಲ್ಲಿ ಪಾಯ್ ಎಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಹಳೆಯ ಪಕಾರ ನಮ್ಮಲ್ಲಿ ಹಕಾರವಾಗಿದೆ, ಹಾಲು ಹೂವುಗಳಿಗೆ ಆದ ಹಾಗೆ. ನಮ್ಮ ಪೂರ್ವಿಕರು ಮಲಗುವ ಚಾಪೆಯನ್ನೇ ಕಂಬಕ್ಕೆ ಎತ್ತಿ ಕಟ್ಟಿ ಹೊಳೆ ದಾಟಿದ ನೆನಪು ಆ ಒಂದು ಪದದಲ್ಲಿ ಉಳಿದಿದೆ. ಹಾಯಿಗೆ ಪಟ ಎಂಬ ಹೆಸರೂ ಉಂಟು. ಗಾಳಿಪಟದ ಪಟವೂ ಅದೇ. ಗಾಳಿಪಟ ಹಾರಿಸಿದ ಕೈಗೆ ಹಾಯಿ ಹೊಸದಲ್ಲ. ಪಟಕ್ಕೆ ಸೂತ್ರ ಕಟ್ಟುವಾಗ ಒಂದು ಬೆರಳಿನಷ್ಟು ಮೇಲೆ ಕೆಳಗೆ ಆದರೂ ಅದು ಗಿರಕಿ ಹೊಡೆದು ನೆಲ ಕಚ್ಚುತ್ತಿತ್ತು. ಬಾಲಂಗೋಚಿಯನ್ನು ಎಷ್ಟು ಉದ್ದ ಮಾಡಿದರೂ ತಪ್ಪಿದ ಸೂತ್ರ ಸರಿಹೋಗುತ್ತಿರಲಿಲ್ಲ. ಕಾಗದ ಎಲ್ಲರ ಪಟಕ್ಕೂ ಒಂದೇ. ಹಾರುವುದು ಬಿಡುವುದು ದಾರದ ಕೋನದಲ್ಲಿತ್ತು.

ಗಾಳಿಯ ಲೆಕ್ಕ ಕರಾವಳಿಯಲ್ಲಿ ಸರಳ, ಮಳೆಗಾಲ ಬಿಟ್ಟರೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಇರುತ್ತದೆ. ನಸುಕಿನಲ್ಲಿ ಮೂಡುಗಾಳಿ ಹೊರಡುತ್ತದೆ. ಮೀನುಗಾರರು ಅದನ್ನು ಬೆನ್ನಿಗೆ ಹಾಕಿಕೊಂಡು ಕತ್ತಲಲ್ಲೇ ಕಡಲಿಗೆ ಇಳಿಯುತ್ತಿದ್ದರು. ಹೊತ್ತು ಏರಿದಂತೆ ನೆಲ ಕಾದು ಗಾಳಿ ತಿರುಗುತ್ತದೆ; ಮಧ್ಯಾಹ್ನದ ಪಡುಗಾಳಿ ಅದೇ ದೋಣಿಗಳನ್ನು ಮೀನಿನ ಸಮೇತ ಮನೆಗೆ ಕರೆತರುತ್ತಿತ್ತು. ಹೋಗಲೊಂದು ಗಾಳಿ, ಬರಲೊಂದು ಗಾಳಿ. ಚಳಿಗಾಲದ ಸಂಜೆ ಕೋಡಿಯ ಮರಳಲ್ಲಿ ನಿಂತರೆ ಪಡುವಣದ ಅಂಚಿನಲ್ಲಿ ಮೊದಲು ಹಾಯಿಗಳ ತುದಿ ಮಾತ್ರ ಕಾಣಿಸುತ್ತಿತ್ತು, ಆಮೇಲೆ ಇಡೀ ಹಾಯಿ, ಕಟ್ಟಕಡೆಗೆ ದೋಣಿ. ಭೂಮಿ ಗುಂಡಗಿದೆ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳುವ ಮೊದಲೇ ನಾನು ನೋಡಿಯಾಗಿತ್ತು.

ಆ ಹಾಯಿಗಳು ಬೆಳ್ಳಗಿರಲಿಲ್ಲ. ಚಿತ್ರಪಟಗಳಲ್ಲಿ ಬರೆಯುವ ಹಂಸದಂಥ ಬಿಳಿ ಹಾಯಿಯನ್ನು ನಾನು ಚಿಕ್ಕಂದಿನಲ್ಲಿ ಕಂಡದ್ದೇ ಇಲ್ಲ. ಅವು ಗೇರುಹಣ್ಣಿನ ಕಲೆ ಹತ್ತಿದ ಬಟ್ಟೆಯ ಬಣ್ಣ, ಒಣಗಿದ ಅಡಿಕೆಯ ಬಣ್ಣ. ಅದಕ್ಕೆ ಕಾರಣ ಅಜ್ಜನ ಅಂಗಳದಲ್ಲಿ ತಿಳಿಯಿತು.

ನೂಲಹುಣ್ಣಿಮೆಯ ದಿನ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿದ ಮೇಲೆ ಮೀನುಗಾರಿಕೆ ಶುರು. ಅದಕ್ಕೂ ಮೊದಲಿನ ಹೊಳವಾದ ದಿನಗಳಲ್ಲಿ ಅಟ್ಟದಿಂದ ಹಾಯಿ ಇಳಿಯುತ್ತಿತ್ತು. ಮಳೆಗಾಲ ಪೂರ್ತಿ ಒಲೆಯ ಹೊಗೆ ತಾಗುವ ಹಾಗೆ ಅಟ್ಟದಲ್ಲಿಟ್ಟರೂ ಹತ್ತಿಬಟ್ಟೆ ಬೂಸ್ಟು ಹಿಡಿಯದೆ ಬಿಡುತ್ತಿರಲಿಲ್ಲ. ಅಜ್ಜ ಅದನ್ನು ಚಾವಡಿಯಲ್ಲಿ ಹರಡಿ, ಅಂಚಿನಿಂದ ಅಂಚಿಗೆ ಬೆರಳಾಡಿಸಿಕೊಂಡು ಹೋಗುತ್ತಿದ್ದರು. ನಡುವಿನ ತೂತುಗಳಿಗೆ ಅವರು ಹೆಚ್ಚು ಬೆಲೆ ಕೊಡುತ್ತಿರಲಿಲ್ಲ, ಒಂದು ತೇಪೆ ಹಾಕಿ ಮುಂದೆ ಹೋಗುತ್ತಿದ್ದರು. ಅವರ ಕಣ್ಣೆಲ್ಲ ಅಂಚಿನ ಮೇಲೆ. ಹಾಯಿಯ ಅಂಚಿನ ಉದ್ದಕ್ಕೂ ಕಿರುಬೆರಳ ಗಾತ್ರದ ಬಳ್ಳಿಯೊಂದನ್ನು ಬಟ್ಟೆಗೆ ಸೇರಿಸಿ ಹೊಲಿದಿರುತ್ತಾರೆ. ಗಾಳಿಯ ಭಾರ ಹೊರುವುದು ಬಟ್ಟೆಯಲ್ಲ, ಆ ಬಳ್ಳಿ. ಅಂಚು ಗಟ್ಟಿಯಿದ್ದರೆ ನಡುವಿನ ಹರಕು ಹರಕಾಗಿಯೇ ನಿಲ್ಲುತ್ತದೆ. ಅಂಚು ಬಿಟ್ಟರೆ ಇಡೀ ಹಾಯಿ ಒಂದೇ ಸಲಕ್ಕೆ ಸೀಳಿ ಬಾವುಟವಾಗುತ್ತದೆ. ಅಂಗೈಗೆ ಚರ್ಮದ ಪಟ್ಟಿ ಸುತ್ತಿಕೊಂಡು, ದಬ್ಬಣಕ್ಕೆ ಮೇಣ ಹಚ್ಚಿದ ಹುರಿ ಪೋಣಿಸಿ, ಬಳ್ಳಿಯ ಮೂರು ಎಳೆಗಳಲ್ಲಿ ಒಂದನ್ನು ಎತ್ತಿ ಅದರಡಿ ಸೂಜಿ ತೂರಿಸಿ ಬಟ್ಟೆಗೆ ಇಳಿಸುತ್ತಿದ್ದರು. ಎಳೆಯನ್ನು ಚುಚ್ಚುವಂತಿಲ್ಲ, ಎಳೆಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕು. ಪ್ರತಿ ಹೊಲಿಗೆಗೂ ಒಮ್ಮೆ ಬಿಗಿದು, ಹೆಬ್ಬೆರಳಿನಿಂದ ಉಜ್ಜಿ ಕೂರಿಸಿ, ಆಮೇಲೆ ಮುಂದಿನದು. ಒಂದು ಮೊಳಕ್ಕೆ ಒಂದು ಕವಳ ಮುಗಿಯುತ್ತಿತ್ತು.

ಹೊಲಿಗೆ ಆದ ಮೇಲೆ ಬಣ್ಣ. ಭತ್ತ ಬೇಯಿಸುವ ದೊಡ್ಡ ಹಂಡೆಯಲ್ಲಿ ಕಾಂಡ್ಲದ ತೊಗಟೆ ಜಜ್ಜಿ ಹಾಕಿ, ಮೇಲೆ ಕಾಚಿನ ಗಟ್ಟಿಗಳನ್ನು ಸೇರಿಸಿ ಕುದಿಸುತ್ತಿದ್ದರು. ಅಡಿಕೆ ಬೇಯಿಸುವ ಮನೆಗಳಲ್ಲಿ ಚೊಗರಿನ ವಾಸನೆ ಗೊತ್ತಿರುವವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಮೂಗಿಗೇ ಒಗರಾಗುವ ವಾಸನೆ. ಕೆಂಪು ಕಷಾಯ ಸ್ವಲ್ಪ ಆರಿದ ಮೇಲೆ ಹಾಯಿಯನ್ನು ಅದರಲ್ಲಿ ಅದ್ದಿ, ಇಬ್ಬರು ಎರಡು ತುದಿ ಹಿಡಿದು ಎತ್ತಿ, ಮರಳ ಮೇಲೆ ಹರಡುತ್ತಿದ್ದರು. ಬಟ್ಟೆಯನ್ನು ಕೊಳೆಸುವ ಬೂಸ್ಟಿಗೆ ಆ ಒಗರು ಆಗುವುದಿಲ್ಲ. ನಮ್ಮ ಬಾಯಿಯ ಕವಳ ಮತ್ತು ದೋಣಿಯ ಹಾಯಿ ಎರಡಕ್ಕೂ ಒಂದೇ ಕಾಚು ಎಂಬುದು ನನಗೆ ಆಗ ಬಲು ದೊಡ್ಡ ಸಂಗತಿಯಾಗಿ ಕಂಡಿತ್ತು. ಈಗಲೂ ಹಾಗೇ ಕಾಣುತ್ತದೆ. ಯಾಕೆಂದರೆ ಕಗ್ಗಲಿ ಮರದ ಚೇಗನ್ನು ಕುದಿಸಿ ತೆಗೆದ ಈ ಕಾಚು ಭಾರತದಿಂದಲೂ ಬರ್ಮಾದಿಂದಲೂ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಇಂಗ್ಲೆಂಡಿನ ಕಾರ್ನ್‌ವಾಲ್, ಫ್ರಾನ್ಸಿನ ಬ್ರಿಟನಿ ತೀರಗಳ ಮೀನುಗಾರರು ತಮ್ಮ ಹಾಯಿ, ಬಲೆಗಳನ್ನು ಅದರಲ್ಲೇ ಅದ್ದುತ್ತಿದ್ದರು. ಅಲ್ಲಿನ ಚಿತ್ರಗಾರರು ಸಂಜೆಯ ಬಂದರಿನಲ್ಲಿ ಬರೆದ ಕಂದುಗೆಂಪು ಹಾಯಿಗಳಲ್ಲಿ ನಮ್ಮ ಕಾಡಿನ ಮರದ ಒಗರೂ ಇದೆ.

ಬಟ್ಟೆಯ ಕತೆಯೂ ಹೀಗೆಯೇ. ಮುಂಬಯಿಯ ಡೋಂಗ್ರಿಯ ಹೆಸರು ಹೊತ್ತ ಒರಟು ಹತ್ತಿಬಟ್ಟೆ ಹಾಯಿಗೆ, ಡೇರೆಗೆ ಬಳಕೆಯಾಗುತ್ತಿತ್ತು. ಇಂಗ್ಲಿಷಿನವರ ಬಾಯಲ್ಲಿ ಅದೇ ಡಂಗರಿಯಾಗಿ ಕೂಲಿಯವರ ಉಡುಪಿನ ಹೆಸರಾಯಿತು. ಕ್ಯಾನ್ವಾಸ್ ಎಂಬ ಮಾತಿನ ಬೇರು ಹುಡುಕಿದರೆ ಭಂಗಿ ಗಿಡ ಸಿಗುತ್ತದೆ, ಅದರ ನಾರಿನಿಂದ ನೇಯ್ದದ್ದು ಎಂದು.

ಆದರೆ ನಾನು ಬಳ್ಳಿಯ ಪಕ್ಷದವನು, ಬಟ್ಟೆಯ ಮಾತು ಇಷ್ಟು ಸಾಕು. ಅಜ್ಜನ ದೋಣಿಯ ಬಳ್ಳಿಯೆಲ್ಲ ಕತ್ತದ್ದು. ತೆಂಗಿನ ಸಿಪ್ಪೆಯನ್ನು ಹಿನ್ನೀರಿನ ಚೌಳು ಕೆಸರಿನಲ್ಲಿ ಆರೆಂಟು ತಿಂಗಳು ಹೂತಿಟ್ಟು, ತೆಗೆದು, ಬಡಿದು, ನಾರು ಬಿಡಿಸಿ, ಅಂಗೈಗಳ ನಡುವೆ ಹೊಸೆದು ಮಾಡಿದ್ದು. ಉಪ್ಪುನೀರು ಸೋಕಿದರೆ ಸಣಬು ಕೊಳೆಯುತ್ತದೆ. ಕತ್ತ ಉಪ್ಪುನೀರಿನಲ್ಲೇ ಹುಟ್ಟಿದ್ದಾದ್ದರಿಂದ ಅದಕ್ಕೆ ಭಯವಿಲ್ಲ. ನೀರಿಗೆ ಬಿದ್ದರೆ ತೇಲುತ್ತದೆ. ಜಗ್ಗಿದರೆ ಸ್ವಲ್ಪ ಕೊಡುತ್ತದೆ, ಬಿರುಗಾಳಿ ಹೊಡೆದಾಗ ಥಟ್ಟನೆ ಹರಿಯುವುದಿಲ್ಲ. ಕೈಗೆ ಮಾತ್ರ ಒರಟು. ಮೊದಲ ದಿನ ಅಂಗೈ ಸುಲಿದು, ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದಳು. ತೆಂಗು ಕೊಟ್ಟ ಗಾಯಕ್ಕೆ ತೆಂಗಿನದೇ ಮದ್ದು.

ಅತ್ಯುತ್ತಮ ಕತ್ತ ದ್ವೀಪದ್ದು ಎನ್ನುತ್ತಿದ್ದರು ಅಜ್ಜ. ದ್ವೀಪ ಎಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. ಈ ಅಮಿನದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ಓಡಂ ಎಂಬ ಹಾಯಿಹಡಗುಗಳಲ್ಲಿ ಕತ್ತ ತುಂಬಿ ಮಂಗಳೂರಿಗೆ ತರುತ್ತಿದ್ದರು, ಅಕ್ಕಿ ಒಯ್ಯುತ್ತಿದ್ದರು. ಆ ಓಡಂಗಳ ಹಲಗೆಗಳನ್ನು ಜೋಡಿಸಲು ಮೊಳೆಯಿಲ್ಲ. ಹಲಗೆಯ ಅಂಚಿನಲ್ಲಿ ತೂತು ಕೊರೆದು ಕತ್ತದ ಹುರಿಯಿಂದಲೇ ಹೊಲಿಯುತ್ತಿದ್ದರು. ಸರಕೂ ಹಗ್ಗ, ಹಾಯಿ ಹಿಡಿದದ್ದೂ ಹಗ್ಗ, ಹಡಗನ್ನು ಹಡಗಾಗಿ ನಿಲ್ಲಿಸಿದ್ದೂ ಹಗ್ಗವೇ. ಇಂದಿಗೂ ಮಂಗಳೂರಿನ ಹಳೆಬಂದರಿನಿಂದ ಮಂಜಿ ಎಂಬ ಸರಕಿನ ಹಡಗುಗಳು ತರಕಾರಿ, ಜಲ್ಲಿ, ಸಿಮೆಂಟು ಹೊತ್ತು ದ್ವೀಪಗಳಿಗೆ ಹೋಗುತ್ತವೆ, ಓಡಿಸುವುದು ಎಂಜಿನ್ನು.

ನನ್ನ ಕಾಲೇಜಿನ ದಿನಗಳು ಮುಗಿಯುವಷ್ಟರಲ್ಲಿ ಅಳಿವೆಯಲ್ಲಿ ಯಂತ್ರದ ದೋಣಿಗಳು ತುಂಬಿದವು. ಅಜ್ಜನೂ ಇಲ್ಲವಾದರು. ನಾನು ಕೆಲಸ ಹುಡುಕಿ ಮೈಸೂರು ಸೇರಿದೆ. ಮೂವತ್ತು ವರ್ಷ ಕೈಗೆ ಬಂದ ಹಗ್ಗವೆಂದರೆ ಪಾರ್ಸೆಲ್ಲಿನ ಸುತ್ತಲಿಯೊಂದೇ.

ಮತ್ತೆ ಹಾಯಿ ಹಿಡಿದದ್ದು ಕನ್ನಂಬಾಡಿಯ ಹಿನ್ನೀರಿನಲ್ಲಿ, ಐವತ್ತೈದು ದಾಟಿದ ಮೇಲೆ. ಗೆಳೆಯರೊಬ್ಬರು ಕರೆದುಕೊಂಡು ಹೋಗಿದ್ದರು. ದಡದಲ್ಲಿ ಮಕ್ಕಳ ಪುಟ್ಟ ದೋಣಿಗಳಿದ್ದವು, ಆಪ್ಟಿಮಿಸ್ಟ್ ಎಂಬ ಜಾತಿಯವು. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬುವರು ಪ್ಲೈವುಡ್ ಹಲಗೆಗಳಿಂದ ಮಕ್ಕಳಿಗೆಂದೇ ರೂಪಿಸಿದ್ದು. ಏಳೂಮುಕ್ಕಾಲು ಅಡಿ ಉದ್ದ, ಹಿಟ್ಟು ನಾದುವ ಮರಿಗೆಯ ಆಕಾರ. ಹಾಯಿಯ ಮೇಲಿನ ಮೂಲೆಯನ್ನು ಓರೆಗೋಲೊಂದು ಎತ್ತಿ ಹಿಡಿದಿರುತ್ತದೆ, ಗಾಳಿಪಟದ ಕಡ್ಡಿಯ ಹಾಗೆ. ನನಗೆ ಕೊಟ್ಟದ್ದು ಲೇಸರ್ ಎಂಬ ಒಬ್ಬರ ದೋಣಿ. ಕೆನಡಾದ ಬ್ರೂಸ್ ಕರ್ಬಿ 1969ರಲ್ಲಿ ಇದರ ಮೊದಲ ಗೆರೆ ಎಳೆದರು. 1996ರಿಂದ ಒಲಿಂಪಿಕ್ಸಿನಲ್ಲೂ ಇದೆ. ಸುಮಾರು ಹದಿನಾಲ್ಕು ಅಡಿಯ ದೋಣಿಗೆ 7 ಚದರ ಮೀಟರಿನ ಒಂದೇ ಹಾಯಿ. ಎರಡು ತುಂಡಿನ ಕೊಳವೆ ಕೂವೆಯನ್ನು ಒಂದಕ್ಕೊಂದು ಸಿಕ್ಕಿಸಿ, ದಿಂಬಿಗೆ ಗವಸು ಹಾಕಿದಂತೆ ಹಾಯಿಯನ್ನು ಅದರ ಮೇಲೆ ಇಳಿಸಿ, ಇಡಿಯಾಗಿ ಎತ್ತಿ ದೋಣಿಯ ತೂತಿಗೆ ನಿಲ್ಲಿಸುವುದು. ಕೂವೆಗೆ ಒತ್ತಾಸೆಯ ಹಗ್ಗಗಳೇ ಇಲ್ಲ. ಹತ್ತಿಯೂ ಇಲ್ಲ, ಕತ್ತವೂ ಇಲ್ಲ, ಎಲ್ಲ ಪಾಲಿಯೆಸ್ಟರ್. ಹಾಯಿ ಬಿಚ್ಚಿದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಯ ಹಾಗೆ ಗರಗರ ಎನ್ನುತ್ತಿತ್ತು.

ಕಲಿಸಿದವರು ಸೇನೆಯಿಂದ ನಿವೃತ್ತರಾದವರು. ಸೇನೆಯ ಎಂಜಿನಿಯರುಗಳು ತೃಷ್ಣಾ ಎಂಬ ಹಾಯಿದೋಣಿಯಲ್ಲಿ 1985ರಲ್ಲಿ ಹೊರಟು 1987ರ ಜನವರಿಯಲ್ಲಿ ಭೂಮಿ ಸುತ್ತಿ ಮರಳಿದ್ದನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ದಡದಲ್ಲೇ ದೋಣಿ ನಿಲ್ಲಿಸಿ ಒಂದೊಂದೇ ಹಗ್ಗ ತೋರಿಸಿದರು. "ಸರ್, ಇದು ಶೀಟ್" ಎಂದು ಹಾಯಿಯ ಕೆಳಗಿನ ಅಡ್ಡಮರದಿಂದ ಬಂದ ಹಗ್ಗವನ್ನು ಕೈಗಿತ್ತರು. ಶೀಟ್ ಎಂದರೆ ಹಾಸುಬಟ್ಟೆ ಎಂದು ತಿಳಿದಿದ್ದವನಿಗೆ ಅದು ಹಗ್ಗದ ಹೆಸರೆಂದು ಗೊತ್ತಾದದ್ದು ಅಂದು. ಹಡಗಿನವರ ಭಾಷೆಯಲ್ಲಿ ಹಾಯಿಬಟ್ಟೆಗೆ ಆ ಹೆಸರಿಲ್ಲ, ಅದನ್ನು ಆಳುವ ಹಗ್ಗಕ್ಕೆ ಇದೆ. ನನಗೆ ತುಂಬ ಸಮಾಧಾನವಾಯಿತು. ಅಜ್ಜನ ನಾಲ್ಕನೆಯ ಬಳ್ಳಿಗೆ ಹೊರಗಿನ ಲೋಕದಲ್ಲೂ ಇಷ್ಟು ಮರ್ಯಾದೆ ಇದೆಯಲ್ಲ ಎಂದು.

ಮಿಕ್ಕವು ಹಾಯಿಯ ಉಬ್ಬನ್ನು ತಿದ್ದುವ ಹಗ್ಗಗಳು. ಹಾಯಿ ಚಪ್ಪಟೆ ಬಟ್ಟೆಯಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ರವಿಕೆ ಹೊಲಿಯುವವರು ಬಟ್ಟೆಯನ್ನು ಅಲ್ಲಲ್ಲಿ ಚುಂಗುಹಿಡಿದು ಮೈಯ ಉಬ್ಬು ತರುವ ಹಾಗೆ, ಹಾಯಿಯ ಪಟ್ಟಿಗಳನ್ನೂ ಅಂಚು ಬಾಗಿಸಿ ಕತ್ತರಿಸಿ ಹೊಲಿಯುತ್ತಾರೆ. ಗಾಳಿ ತುಂಬಿದಾಗ ಅದು ಹಕ್ಕಿಯ ರೆಕ್ಕೆಯ ಆಕಾರ ತಾಳುತ್ತದೆ. ಗಾಳಿ ಹೆಚ್ಚಾದರೆ ಆ ಉಬ್ಬು ಹಿಂದಕ್ಕೆ ಜರುಗುತ್ತದೆ. ಆಗ ಹಾಯಿಯ ಮುಂದಿನಂಚನ್ನು ಕೆಳಕ್ಕೆ ಜಗ್ಗುವ ಹಗ್ಗವೊಂದನ್ನು ಬಿಗಿದರೆ ಉಬ್ಬು ಮತ್ತೆ ಮುಂದೆ ಬರುತ್ತದೆ. ಈ ಹಗ್ಗಕ್ಕೆ ಕನಿಂಗ್‌ಹ್ಯಾಮ್ ಎಂದು ಹೆಸರು. 1958ರಲ್ಲಿ ಅಮೆರಿಕಾಸ್ ಕಪ್ ಗೆದ್ದ ದೋಣಿಯ ನಾಯಕ ಬ್ರಿಗ್ಸ್ ಕನಿಂಗ್‌ಹ್ಯಾಮ್ ಇದನ್ನು ಕಂಡುಹಿಡಿದದ್ದು. ಹಾಯಿಯ ಎರಡು ಮೈಗೂ ಉಲ್ಲನ್ನಿನ ಎಳೆಗಳನ್ನು ಅಂಟಿಸಿರುತ್ತಾರೆ. ಎರಡೂ ಕಡೆಯ ಎಳೆ ನೆಟ್ಟಗೆ ಹಿಂದಕ್ಕೆ ಹಾರುತ್ತಿದ್ದರೆ ಗಾಳಿ ಒಡೆಯದೆ ಹರಿಯುತ್ತಿದೆ ಎಂದರ್ಥ. ಅಜ್ಜನಿಗೆ ಆ ಉಲ್ಲನ್ ಬೇಕಿರಲಿಲ್ಲ. ಅವರು ಗಾಳಿಯ ಕಡೆ ಮುಖ ತಿರುಗಿಸಿ, ಎರಡೂ ಕಿವಿಗೆ ಸದ್ದು ಸಮವಾದ ಕಡೆ ನಿಲ್ಲಿಸುತ್ತಿದ್ದರು. ಅದೇ ಗಾಳಿಯ ದಿಕ್ಕು.

ಎದುರುಗಾಳಿಗೆ ಹಾಯಿದೋಣಿ ಹೇಗೆ ಹೋಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನೇರ ಎದುರಿಗೆ ಹೋಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಘಾಟಿಯ ರಸ್ತೆ ಹತ್ತುವ ಹಾಗೆ ಹತ್ತಬೇಕು. ಹಾಯಿ ದೋಣಿಯನ್ನು ಪಕ್ಕಕ್ಕೆ ಒತ್ತುತ್ತದೆ. ದೋಣಿಯಡಿ ನೀರಿಗಿಳಿದ ನಡುಹಲಗೆ ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ಹಲಸಿನ ಬೀಜದ ಲೋಳೆ ಹೋಗುವ ಮೊದಲು ಅದನ್ನು ಎರಡು ಬೆರಳ ನಡುವೆ ಒತ್ತಿ ನೋಡಿ: ಒತ್ತಿದ್ದು ಅಕ್ಕಪಕ್ಕದಿಂದ, ಬೀಜ ಚಿಮ್ಮುವುದು ಮುಂದಕ್ಕೆ. ದೋಣಿಯೂ ಹೀಗೆ ಗಾಳಿ, ನೀರುಗಳ ನಡುವಿನಿಂದ ಚಿಮ್ಮಿಕೊಂಡು ಹೋಗುತ್ತದೆ. ಅಜ್ಜನ ದೋಣಿಗೆ ನಡುಹಲಗೆ ಇರಲಿಲ್ಲ. ಇನ್ನೊಂದು ಹುಟ್ಟನ್ನು ಬದಿಯಲ್ಲಿ ನೀರಿಗಿಳಿಸಿ ಮೊಣಕಾಲಿನಿಂದ ಒತ್ತಿ ಹಿಡಿಯುತ್ತಿದ್ದುದು ಅದಕ್ಕೇ ಎಂದು ನನಗೆ ಹೊಳೆದದ್ದು ಆಗ, ಕಾವೇರಿಯ ನೀರಿನ ಮೇಲೆ, ಅಷ್ಟು ವರ್ಷ ಕಳೆದ ಮೇಲೆ.

ಏಪ್ರಿಲಿನ ಒಂದು ಸಂಜೆ ನನ್ನಿಂದ ತಪ್ಪಾಯಿತು. ಗಾಳಿ ಒಂದೇ ಸಮನೆ ಇತ್ತು, ಗಂಟೆಗಟ್ಟಲೆ ಹಿಡಿದು ಬೆರಳು ಸೋತಿದ್ದವು. ದೋಣಿಯ ಅಂಚಿನಲ್ಲಿ ಹಗ್ಗವನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿಯುವ ಕ್ಲೀಟ್ ಇದೆ. ಶೀಟನ್ನು ಅದಕ್ಕೆ ಸಿಕ್ಕಿಸಿ ಕೈ ಕೊಡವಿಕೊಂಡೆ. ಪಡುವಣದಲ್ಲಿ ಮೋಡ ಕಟ್ಟಿದ್ದನ್ನು ನೋಡಿದ್ದೆ. ನೀರಿನ ಮೇಲೆ ಕಪ್ಪು ಚಾಪೆ ಹಾಸಿದ ಹಾಗೆ ಸುಕ್ಕು ಓಡಿಬರುವುದನ್ನೂ ನೋಡಿದೆ. ಹಗ್ಗ ಕೈಯಲ್ಲಿದ್ದರೆ ಬೆರಳು ಸಡಿಲಿಸುವಷ್ಟು ಹೊತ್ತು ಸಾಕಿತ್ತು. ಕ್ಲೀಟಿನಿಂದ ಮೇಲಕ್ಕೆ ಕಿತ್ತು ತೆಗೆಯಲು ಅಷ್ಟು ಹೊತ್ತು ಸಾಲಲಿಲ್ಲ. ಭಾರ ಬಿದ್ದ ಹಗ್ಗವನ್ನು ಹಲ್ಲು ಇನ್ನೂ ಬಿಗಿಯಾಗಿ ಕಚ್ಚುತ್ತದೆ. ದೋಣಿ ನಿಧಾನವಾಗಿ ಎದ್ದು ನಿಂತಿತು, ಹಾಯಿ ನೀರಿನ ಮೇಲೆ ಅಂಗಾತ ಮಲಗಿತು, ನಾನು ಅದರ ಪಕ್ಕದಲ್ಲಿದ್ದೆ. ಮೈಮೇಲೆ ತೇಲುಕವಚ ಇತ್ತು, ಭಯವಾಗಲಿಲ್ಲ. ದುಃಖವಾಯಿತು. ಎಂಟನೆಯ ವಯಸ್ಸಿನಲ್ಲಿ ಒಬ್ಬರು ಹುಟ್ಟು ಬಿಟ್ಟು ಎದ್ದು ಬಂದು ಕೈಯಾರೆ ಬಿಚ್ಚಿಕೊಟ್ಟಿದ್ದನ್ನು ಮತ್ತೆ ಕಟ್ಟಿಬಿಟ್ಟಿದ್ದೆ.

ಮಗುಚಿದ ದೋಣಿಯನ್ನು ಎತ್ತುವ ಕ್ರಮ ಕಲಿತಿದ್ದೆ. ದೋಣಿಯ ಮೂತಿ ಗಾಳಿಯ ಕಡೆ ಇರುವಂತೆ ತಿರುಗಿಸಬೇಕು, ಮೊದಲು ಶೀಟನ್ನು ಬಿಡಿಸಬೇಕು, ಆಮೇಲೆ ಬುಡದ ಕಡೆಗೆ ಈಜಿ ಬಂದು ನಡುಹಲಗೆಯ ಮೇಲೆ ನಿಂತು ಹಿಂದಕ್ಕೆ ವಾಲಬೇಕು. ನೀರು ತುಂಬಿದ ಹಾಯಿ ಏಳಲು ಒಪ್ಪುವುದಿಲ್ಲ. ಅಂಚಿನಿಂದ ನೀರು ಜರಿಯಾಗಿ ಸುರಿಯತೊಡಗಿದ ಮೇಲೆ ಒಮ್ಮೆಲೇ ಹಗುರವಾಗಿ ಎದ್ದು, ತಲೆ ಕೊಡವಿದ ನಾಯಿಯಂತೆ ಹನಿ ಸಿಡಿಸಿ, ಪಟಪಟ ಎಂದು ನಿಲ್ಲುತ್ತದೆ. ಆ ದಿನ ಆ ಸದ್ದು ಕೇಳಿ ನನಗೆ ಸಿಕ್ಕ ನೆಮ್ಮದಿ ದೊಡ್ಡದು. ಸಡಿಲವಾದ ಹಾಯಿ ಯಾರನ್ನೂ ಮುಳುಗಿಸುವುದಿಲ್ಲ.

2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆ ಹೊಲಿದ ಹಡಗೊಂದನ್ನು ತನ್ನದಾಗಿಸಿಕೊಂಡಾಗ ಅದರ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದೆ. ಐಎನ್‌ಎಸ್‌ವಿ ಕೌಂಡಿನ್ಯ. ಅಜಂತಾದ ಐದನೆಯ ಶತಮಾನದ ಚಿತ್ರವೊಂದರಲ್ಲಿ ಕಂಡ ಹಡಗನ್ನು ಆಧಾರವಾಗಿಟ್ಟುಕೊಂಡು, ಕೇರಳದ ಹಿರಿಯ ಕುಶಲಕರ್ಮಿ ಬಾಬು ಶಂಕರನ್ ಅವರ ತಂಡ ಗೋವಾದಲ್ಲಿ ಕಟ್ಟಿದ್ದು. ಹಲಗೆಗಳನ್ನು ಕತ್ತದ ಹಗ್ಗದಿಂದ ಹೊಲಿದು ರಾಳ ಬಳಿದಿದ್ದಾರೆ. ನಮ್ಮ ಓರೆಹಾಯಿಯಲ್ಲ, ಅದಕ್ಕಿಂತ ಹಳೆಯ ಚೌಕ ಹಾಯಿ. ಚುಕ್ಕಾಣಿಯ ಬದಲು ಬದಿಯ ಹುಟ್ಟುಗಳು. ಹಾಯಿಯ ಮೇಲೆ ಸೂರ್ಯನ ಜೊತೆ ಗಂಡಭೇರುಂಡ. ದಿನಾ ಬಸ್ಸಿನ ಮೈಮೇಲೆ ನೋಡುವ ಆ ಎರಡು ತಲೆಯ ಹಕ್ಕಿ ಗಾಳಿ ತುಂಬಿ ಉಬ್ಬಿದ ಬಟ್ಟೆಯ ಮೇಲೆ ನಿಜವಾಗಿ ಹಾರುವಂತೆ ಕಂಡಿತು. ಆದರೆ ನಾನು ಬಹಳ ಹೊತ್ತು ನೋಡಿದ್ದು ಹಕ್ಕಿಯನ್ನಲ್ಲ, ಹಾಯಿಯ ಎರಡು ಕೆಳಮೂಲೆಗಳಿಂದ ಇಳಿದುಬಂದ ಹಗ್ಗಗಳನ್ನು.

ಹೋದ ಚಳಿಗಾಲದಲ್ಲಿ ಊರಿಗೆ ಹೋಗಿದ್ದಾಗ ಕುದುರು ನೋಡಲೆಂದು ಒಂದು ಫೈಬರ್ ದೋಣಿ ಗೊತ್ತುಮಾಡಿಕೊಂಡೆ. ನಡೆಸುವ ಹುಡುಗನಿಗೆ ಇಪ್ಪತ್ತೆರಡಿರಬಹುದು. ಮರಳುವಾಗ ಇಳಿಹೊತ್ತು, ಪಡುಗಾಳಿ ಬೆನ್ನಿಗಿತ್ತು. ಅವನು ಎಂಜಿನ್ ನಿಲ್ಲಿಸಿದ. ಪೆಟ್ರೋಲು ಉಳಿಸಲು ಎಂದ. ಕೆಳಗೆ ಸುರುಳಿ ಸುತ್ತಿಟ್ಟಿದ್ದ ನೀಲಿ ಟರ್ಪಾಲನ್ನು ಬಿಡಿಸಿ, ಎರಡು ಮೂಲೆಗಳನ್ನು ಒಂದು ಜಲ್ಲೆಗೆ ಬಿಗಿದು, ಜಲ್ಲೆಯನ್ನು ಹುಟ್ಟಿನ ತುದಿಗೆ ಅಡ್ಡಲಾಗಿ ಕಟ್ಟಿ ನಿಲ್ಲಿಸಿದ. ಕೆಳಗಿನ ಒಂದು ಮೂಲೆಯನ್ನು ತನ್ನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಮೂಲೆಯ ನೈಲಾನ್ ಬಳ್ಳಿಯನ್ನು ಏನೂ ಹೇಳದೆ ನನ್ನ ಕಡೆ ಚಾಚಿದ. ನಾನು ಅದನ್ನು ಅಡ್ಡಹಲಗೆಗೆ ಒಂದು ಸುತ್ತು ಬಳಸಿ ತುದಿಯನ್ನು ಮುಷ್ಟಿಯಲ್ಲಿ ಹಿಡಿದೆ. ಅವನು ಒಮ್ಮೆ ಆ ಸುತ್ತನ್ನು ನೋಡಿದ, ಒಮ್ಮೆ ನನ್ನ ಮುಖ ನೋಡಿದ.

"ನಿಮ್ದ್ ಇಲ್ಲೇ ಊರಾ?" ಎಂದ.

ಟರ್ಪಾಲು ಪಟಪಟ ಎನ್ನುತ್ತಿತ್ತು. ಬಳ್ಳಿಯನ್ನು ಒಂದು ಗೇಣು ಒಳಗೆಳೆದೆ. ಸುಮ್ಮನಾಯಿತು.